ಗೇನ್ ಲೆಕ್ಕ ಕೂಡಿಬಂತು, ನಿಮಗೆಲ್ಲ ಥ್ಯಾಂಕ್ಸ್

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಮೆಸೇಜ್ ಮಾಡಿ ಹಾರೈಸಿದವರು ತುಂಬಾ ಜನ. ಯಾರಿಂದ ನನಗೆ ಏನು ಸಿಕ್ಕಿತು ಅನ್ನುವುದನ್ನು ಇಲ್ಲೇ ಬರೆದುಬಿಡುತ್ತೇನೆ.

ನನ್ನ ಕೆಲಸ ಜೆಮ್ ಡಿಟೆಕ್ಟರ್ ಮೇಲೆ, ಅಂದರೆ ಅನಿಲ ತುಂಬಿದ, ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚುವ ಒಂದು ಸಾಧನ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಫ್ಯಾಬಿಯೊ ಸೌಲಿ 1997ರಲ್ಲಿ ತೋರಿಸಿಕೊಟ್ಟದ್ದು. 50 ಮೈಕ್ರಾನ್ ದಪ್ಪದ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆ, ಎರಡೂ ಕಡೆ ತಾಮ್ರದ ಪದರ, ಹಾಳೆ ತುಂಬಾ 70 ಮೈಕ್ರಾನ್ ಅಗಲದ ತೂತುಗಳು. ಎರಡು ಪದರಗಳ ನಡುವೆ ಕೆಲವು ನೂರು ವೋಲ್ಟ್ ಕೊಟ್ಟರೆ, ತೂತಿನೊಳಕ್ಕೆ ಬಂದ ಎಲೆಕ್ಟ್ರಾನ್ ಅನಿಲದ ಪರಮಾಣುವಿಗೆ ಗುದ್ದಿ ಇನ್ನೊಂದನ್ನು ಬಿಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಎಷ್ಟಾಯಿತು ಅನ್ನುವುದೇ ಗೇನ್. ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಲ್ಯಾಬಿನ ಅಳತೆಯ ಪಕ್ಕ ಇಡುವುದು ನನ್ನ ಥೀಸಿಸ್.

ಮೊದಲ ಥ್ಯಾಂಕ್ಸ್ ನಾನು ಮುಖವನ್ನೇ ನೋಡದವರಿಗೆ. ಇಂಥ ಡಿಟೆಕ್ಟರ್‌ಗಳ ಲೆಕ್ಕ ಹಾಕುವ ಗಾರ್ಫೀಲ್ಡ್ ಎಂಬ ಪ್ರೋಗ್ರಾಮ್ ಬರೆದ ರಾಬ್ ವೀನ್‌ಹಾಫ್, ಅದರ ಹೊಸ ರೂಪ ಗಾರ್ಫೀಲ್ಡ್ ಪ್ಲಸ್ ಪ್ಲಸ್‌ಗೆ ದುಡಿದ ಹೈನ್ರಿಚ್ ಶಿಂಡ್ಲರ್, ಅನಿಲದಲ್ಲಿ ಎಲೆಕ್ಟ್ರಾನ್ ಹೇಗೆ ಸಾಗುತ್ತದೆ ಅಂತ ಲೆಕ್ಕ ಹಾಕುವ ಮ್ಯಾಗ್‌ಬೋಲ್ಟ್ಸ್ ಬರೆದ ಸ್ಟೀವ್ ಬಿಯಾಜಿ. ಯಾವ ಶಕ್ತಿಯ ಎಲೆಕ್ಟ್ರಾನ್ ಆರ್ಗಾನ್‌ಗೆ ಗುದ್ದಿದರೆ ಏನಾದೀತು ಎಂಬ ಅಂಕಿಗಳನ್ನು ವರ್ಷಗಟ್ಟಲೆ ತಿದ್ದಿ, ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಾರೆ.

ಮೇಡಂ, ಪೆನ್ನಿಂಗ್ ಪರಿಣಾಮವನ್ನು ನನ್ನ ಕೈಯಲ್ಲೇ ಬೋರ್ಡ್ ಮೇಲೆ ಬರೆಸಿದಿರಿ. ನಮ್ಮ ಡಿಟೆಕ್ಟರ್‌ನ ಅನಿಲ 70 ಭಾಗ ಆರ್ಗಾನ್, 30 ಭಾಗ ಕಾರ್ಬನ್ ಡೈಆಕ್ಸೈಡ್. ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳಲು 15.8 ಎಲೆಕ್ಟ್ರಾನ್ ವೋಲ್ಟ್ ಬೇಕು, ಕಾರ್ಬನ್ ಡೈಆಕ್ಸೈಡ್‌ಗೆ 13.8 ಸಾಕು. ಈ ಎರಡರ ನಡುವಿನಷ್ಟು ಶಕ್ತಿ ತುಂಬಿಕೊಂಡ ಆರ್ಗಾನ್ ತಾನು ಒಡೆಯುವುದಿಲ್ಲ, ಪಕ್ಕದ ಕಾರ್ಬನ್ ಡೈಆಕ್ಸೈಡ್ ಅಣುವಿಗೆ ಶಕ್ತಿ ದಾಟಿಸಿ ಅದರ ಎಲೆಕ್ಟ್ರಾನ್ ಬಿಡಿಸುತ್ತದೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಗೇನ್ ಅಳತೆಗಿಂತ ತೀರಾ ಕಡಿಮೆ ಬರುತ್ತದೆ. ಎಷ್ಟು ಪಾಲು ದಾಟುತ್ತದೆ ಅನ್ನುವುದನ್ನು ಅಳೆದ ಗೇನ್‌ಗಳಿಂದಲೇ ಹೊರಡಿಸಬೇಕು. ಓಜ್ಕಾನ್ ಶಾಹಿನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಆ ಕೆಲಸ ಇಲ್ಲದಿದ್ದರೆ ನನ್ನ ನಾಲ್ಕನೇ ಅಧ್ಯಾಯವೇ ಇರುತ್ತಿರಲಿಲ್ಲ.

ಲ್ಯಾಬಿನ ಅಣ್ಣ, ನಿಮ್ಮ ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ಆದರೆ ಆ ನೀಲಿ ರಟ್ಟಿನ ನೋಟ್‌ಬುಕ್ ಬಗ್ಗೆ ಹೇಳಲೇಬೇಕು. ಪ್ರತಿ ರೀಡಿಂಗ್ ಪಕ್ಕ ಪೆನ್ಸಿಲ್‌ನಲ್ಲಿ ಆ ಹೊತ್ತಿನ ಗಾಳಿಯ ಒತ್ತಡ, ಕೋಣೆಯ ತಾಪಮಾನ. ಯಾರೂ ಕೇಳದಿದ್ದಾಗಲೂ ಬರೆದಿಟ್ಟಿರಿ. ಒತ್ತಡ ಇಳಿದರೆ ಅನಿಲ ತೆಳುವಾಗುತ್ತದೆ, ಎಲೆಕ್ಟ್ರಾನ್‌ಗೆ ಎರಡು ಗುದ್ದುಗಳ ನಡುವೆ ಓಡಲು ಜಾಗ ಜಾಸ್ತಿ, ಗೇನ್ ಏರುತ್ತದೆ. ಒಂದೇ ವೋಲ್ಟೇಜಿಗೆ ಬೇಸಿಗೆಯಲ್ಲೊಂದು, ಮಳೆಗಾಲದಲ್ಲೊಂದು ಗೇನ್ ಬಂದದ್ದು ಯಾಕೆ ಅಂತ ಪರೀಕ್ಷಕರು ಕೇಳಿದಾಗ ನಾನು ತೋರಿಸಿದ್ದು ನಿಮ್ಮ ಪೆನ್ಸಿಲ್ ಅಕ್ಷರಗಳನ್ನು. ಅವರು ಪುಟ ತಿರುವಿ ತಿರುವಿ ನೋಡಿದರು.

ಕಂಪ್ಯೂಟರ್ ಕ್ಲಸ್ಟರ್ ನೋಡಿಕೊಳ್ಳುವ ಗೆಳೆಯರಿಗೂ ಥ್ಯಾಂಕ್ಸ್. ಒಂದೊಂದು ಎಲೆಕ್ಟ್ರಾನ್‌ನ ಒಂದೊಂದು ಗುದ್ದನ್ನೂ ಹಿಂಬಾಲಿಸುವ ಲೆಕ್ಕ ಎಷ್ಟು ಹೊತ್ತು ತಿನ್ನುತ್ತದೆ ಅಂತ ನಿಮಗೇ ಗೊತ್ತು. ಅಪ್ಪ, ಅಮ್ಮ, "ಯಾವಾಗ ಮುಗಿಯುತ್ತೆ" ಅಂತ ಒಮ್ಮೆಯೂ ಕೇಳಲಿಲ್ಲ. ಅದು ನನಗೆ ಎಷ್ಟು ದೊಡ್ಡದು ಅಂತ ಎದುರಿಗೆ ಹೇಳಲು ಬರುವುದಿಲ್ಲ, ಇಲ್ಲಿ ಹೇಳಿದ್ದೇನೆ.

ನನ್ನ ಗ್ಯಾಸ್ ಫೈಲ್‌ಗಳು, ತೂತಿನ ಜ್ಯಾಮಿತಿಯ ಫೈಲ್‌ಗಳು ಎಲ್ಲ ಲ್ಯಾಬಿನ ಸರ್ವರ್‌ನಲ್ಲಿವೆ. ಯಾವುದರಲ್ಲಿ ಏನಿದೆ ಅಂತ ಕನ್ನಡದಲ್ಲೂ ಒಂದು ಟಿಪ್ಪಣಿ ಬರೆದಿಟ್ಟಿದ್ದೇನೆ. ಹೊಸದಾಗಿ ಸೇರಿದವರು ಕೇಳದೆಯೇ ತೆಗೆದುಕೊಳ್ಳಿ. ಅರ್ಥವಾಗದಿದ್ದರೆ ರಾತ್ರಿ ಎಂಟರ ಮೇಲೆ ಫೋನ್ ಮಾಡಿ.