ಆತಂಕ ಬೇಡ ಎನ್ನುವವರು ಧರಹರಾದ ಕತೆ ಕೇಳಿದ್ದಾರೆಯೇ?

ಮಾನ್ಯರೇ,

ಮೊನ್ನೆ ರಾತ್ರಿ ವಿಜಯಪುರದಲ್ಲಿ ನೆಲ ನಡುಗಿದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಅದರ ಕೊನೆಯಲ್ಲಿ 'ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ' ಎಂಬ ಅಧಿಕಾರಿಗಳ ಹೇಳಿಕೆ ಎಂದಿನಂತೆ ಇತ್ತು. ಪಾತ್ರೆಗಳು ಸಪ್ಪಳ ಮಾಡಿದಾಗ ಮೊಣಕಾಲು ನೋವಿನ ಹೆಂಡತಿಯನ್ನು ಕೈಹಿಡಿದು ಓಣಿಗೆ ಇಳಿಸಿದವನು ನಾನು. ಬೀದಿದೀಪವಿಲ್ಲದ ಕತ್ತಲಲ್ಲಿ, ತೆರೆದ ಗಟಾರಿನ ಪಕ್ಕ, ಸೊಳ್ಳೆ ಕಡಿಸಿಕೊಳ್ಳುತ್ತ ಬೆಳಗಿನವರೆಗೂ ಕುಳಿತೆವು. ಸಹಾಯವಾಣಿಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಬಹುಶಃ ಅಲ್ಲಿದ್ದವರೂ ಆತಂಕಪಡದೆ ಮಲಗಿದ್ದರು.

ನನ್ನ ಆತಂಕಕ್ಕೆ ಒಂದು ಕಾರಣವಿದೆ. ಹಲವು ವರ್ಷಗಳ ಹಿಂದೆ ಪಶುಪತಿನಾಥನ ದರ್ಶನಕ್ಕೆಂದು ನಮ್ಮ ಭಾಗದ ಯಾತ್ರಿಕರೊಂದಿಗೆ ಕಠ್ಮಂಡುವಿಗೆ ಹೋದಾಗ, ಸುಂಧಾರಾದಲ್ಲಿದ್ದ ಧರಹರಾ ಗೋಪುರವನ್ನು ಹತ್ತಿದ್ದೆ. ಹಿಂದೆ ನೇಪಾಳದ ಪ್ರಧಾನಿಯಾಗಿದ್ದ ಭೀಮಸೇನ ಥಾಪಾ ಕಟ್ಟಿಸಿದ್ದರಿಂದ ಅದನ್ನು ಭೀಮಸೇನ ಸ್ತಂಭವೆಂದೂ ಕರೆಯುತ್ತಿದ್ದರು. ಒಂಬತ್ತು ಅಂತಸ್ತು, ಒಳಗೆ ಸುರುಳಿಯಾಗಿ ಏರುವ 213 ಮೆಟ್ಟಿಲುಗಳು. ಹತ್ತುವವರಿಗೆ ದಾರಿ ಬಿಡಲು ಇಳಿಯುವವರು ಗೋಡೆಗೆ ಆತುಕೊಂಡು ನಿಲ್ಲಬೇಕಿತ್ತು. ಎಂಟನೆಯ ಅಂತಸ್ತಿನ ಮೊಗಸಾಲೆಗೆ ಬಂದಾಗ ಇಡೀ ಕಣಿವೆ ಕಣ್ಣೆದುರು ಬಿಚ್ಚಿಕೊಂಡಿತು. ನಮ್ಮ ಗೋಳಗುಮ್ಮಟದ ನೆನಪಾಗಿ, ಪಕ್ಕದಲ್ಲಿದ್ದ ನೇಪಾಳಿ ಶಿಕ್ಷಕರೊಬ್ಬರಿಗೆ ಅದರ ಪಿಸುಗುಟ್ಟುವ ಗ್ಯಾಲರಿಯ ವಿಷಯವನ್ನು ಹರಕು ಹಿಂದಿಯಲ್ಲಿ ಹೆಮ್ಮೆಯಿಂದ ವಿವರಿಸಿದ್ದೆ. ಮಕ್ಕಳನ್ನು ಎತ್ತಿಕೊಂಡವರು, ಹೊಸದಾಗಿ ಮದುವೆಯಾದವರು, ಪಾಟಿಚೀಲ ಹೊತ್ತ ಹುಡುಗರು ಅಲ್ಲಿ ಸಾಲುಗಟ್ಟಿದ್ದರು.

2015ರ ಏಪ್ರಿಲ್ 25ರಂದು ಮಧ್ಯಾಹ್ನಕ್ಕೆ ಮುಂಚೆ 7.8 ತೀವ್ರತೆಯ ಭೂಕಂಪಕ್ಕೆ ಆ ಗೋಪುರ ಬುಡದ ಮೋಟು ಮಾತ್ರ ಉಳಿಯುವಂತೆ ಕುಸಿಯಿತು. ಅಂದು ಶನಿವಾರ, ನೇಪಾಳದ ವಾರದ ರಜೆ. ಹಾಗಾಗಿ ಒಳಗೆ ಜನ ತುಂಬಿದ್ದರು. ಆ ದುರಂತದಲ್ಲಿ ದೇಶದಾದ್ಯಂತ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಟಿವಿಯಲ್ಲಿ ಇಟ್ಟಿಗೆಯ ರಾಶಿ ಕಂಡಾಗ ನನಗೆ ನೆನಪಾದದ್ದು ಆ ಮೆಟ್ಟಿಲು: ಹತ್ತಲೂ ಇಳಿಯಲೂ ಇದ್ದದ್ದು ಅದೊಂದೇ ದಾರಿ. 1934ರ ಭೂಕಂಪದಲ್ಲಿಯೂ ಅದು ಮುರಿದು ಬಿದ್ದಿತ್ತು, ಮತ್ತೆ ಕಟ್ಟಿದ್ದರು. ಹೊಸ ಧರಹರಾ 2021ರಲ್ಲಿ ಉದ್ಘಾಟನೆಯಾಯಿತಂತೆ; ಅದನ್ನು ಹತ್ತುವ ಮನಸ್ಸು ನನಗಿಲ್ಲ.

ಈ ನೆನಪು ಇಟ್ಟುಕೊಂಡೇ, ಮೊನ್ನೆಯ ನಡುಕದ ನಂತರ ನಗರದ ಹಳೆಯ ಎತ್ತರದ ಕಟ್ಟಡಗಳನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಲು ಒಂದು ಕಚೇರಿಗೆ ಹೋದೆ. ಒಂದು ಮೇಜಿನಿಂದ ಇನ್ನೊಂದಕ್ಕೆ, ಅಲ್ಲಿಂದ 'ಸಾಹೇಬ್ರು ಮೀಟಿಂಗಿನ್ಯಾಗ ಅದಾರ' ಎಂಬ ಬಾಗಿಲಿಗೆ, ಅಲ್ಲಿಂದ ಮತ್ತೆ ಮೊದಲಿನ ಮೇಜಿಗೆ. ಕೊನೆಗೆ ಗುಮಾಸ್ತರೊಬ್ಬರು ನಕ್ಕು, 'ಏನೂ ಆಗೂದಿಲ್ರಿ ಕಾಕಾ, ಗುಮ್ಮಟ ಮುನ್ನೂರೈವತ್ತು ವರ್ಷದ ಮ್ಯಾಲಿಂದ ನಿಂತೈತಿ' ಎಂದರು. ಧರಹರಾ ಕೂಡ ಅಂದು ಬೆಳಿಗ್ಗೆ ನಿಂತೇ ಇತ್ತು. ಗುಮ್ಮಟ ಬಲವಾಗಿರಬಹುದು, ಇರಲಿ ಎಂಬುದೇ ನನ್ನ ಆಸೆ. ಆದರೆ ರಜೆಯ ದಿನ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲಲ್ಲಿ ಶಾಲಾ ಪ್ರವಾಸದ ಮಕ್ಕಳು ಒಬ್ಬರ ಹಿಂದೊಬ್ಬರು ನಿಂತಿರುವಾಗ ನೆಲ ಅಲುಗಿದರೆ ಅವರನ್ನು ಇಳಿಸುವ ವ್ಯವಸ್ಥೆ ಏನು ಎಂದು ಕೇಳುವುದು ತಪ್ಪೇ?

1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಇದೇ ಸಮಾಧಾನ ಕೇಳಿದ್ದೆವು. 2021ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳ ಜನ ಹೆದರಿ ಅಂಗಳದಲ್ಲಿ ಮಲಗಿದಾಗಲೂ ಇದನ್ನೇ ಕೇಳಿದೆವು. ನಳದ ನೀರಿಗೆ, ಗಟಾರಿನ ಮುಚ್ಚಳಕ್ಕೆ, ಕೆಟ್ಟ ದೀಪಕ್ಕೆ ನಾವು ಕೊಟ್ಟ ಅರ್ಜಿಗಳು ಯಾವ ಕಪಾಟಿನಲ್ಲಿವೆಯೋ, ಭೂಕಂಪವಾದಾಗ ಪಾರಾಗುವುದನ್ನು ಕಲಿಸುವ ಅಣಕು ಪ್ರದರ್ಶನದ ಕಡತವೂ ಅಲ್ಲಿಯೇ ಇದ್ದೀತು. ಮಂತ್ರಿಗಳು ಬರುವ ದಿನ ಮಾತ್ರ ರಸ್ತೆಗೆ ಡಾಂಬರು ಬೀಳುತ್ತದೆ.

ಸಂಬಂಧಪಟ್ಟವರು ಕೂಡಲೇ ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ವರದಿಯನ್ನು ಜನರ ಮುಂದಿಡಬೇಕು. ಪರೀಕ್ಷಿಸುವುದಿಲ್ಲವೆಂದಾದರೆ ಅದನ್ನಾದರೂ ಬಾಯಿಬಿಟ್ಟು ಹೇಳಬೇಕು. ಅದೂ ಆಗದಿದ್ದರೆ, ಎತ್ತದ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಗಳ ಮೇಲಿಂದ ಅಳಿಸಿಹಾಕಲಿ.

— ಒಬ್ಬ ಹಿರಿಯ ನಾಗರಿಕ, ವಿಜಯಪುರ