ಆ ಜೋಕಿಗೆ ಬೇವಿನ ಗಿಡದ ಕೆಳಗಿನವರು ನಗಲಿಲ್ಲ, ಸಾಹೇಬರೇ

ಮಾನ್ಯ ಶಾಸಕರಿಗೆ, ಬಾಗಲಕೋಟೆ ಜಿಲ್ಲೆಯ ಒಬ್ಬ ಮೈಕ್ ಸೆಟ್‌ನವನ ನಮಸ್ಕಾರ.

ಮೊನ್ನೆ ನಿಮ್ಮ ಪ್ರಚಾರ ಸಭೆಗೆ ಮೈಕ್ ಕಟ್ಟಿದವನು ನಾನೇ. ಹೋದ ಚುನಾವಣೆಯ ಬಾಡಿಗೆ ಇನ್ನೂ ಅರ್ಧ ಬಾಕಿ ಇದೆ, ಅದು ಬೇರೆ ಮಾತು ಬಿಡಿ. ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಪರಿಹಾರದ ಮಾತು ಬಂದಾಗ ಜನ ಸುಮ್ನಾಗಿ ಕಿವಿಗೊಟ್ಟರು. ನೀವು ಅಂದಿರಿ: “ನೀರು ಬೇಕು, ನೀರು ಬೇಕು ಅಂತಿದ್ರಿ. ಈಗ ತಾನಾಗೇ ಮನಿ ಬಾಗಲಕ್ಕ ಬರಾಕತ್ತೈತಿ. ಇನ್ನೇನ್ ಬೇಕ್ರೀ?”

ಮುಂದಿನ ಎರಡು ಸಾಲು ಗೊಳ್ಳೆಂದು ನಕ್ಕಿತು. ಅವರು ನಿಮ್ಮ ಗಾಡಿಗಳಲ್ಲೇ ಬಂದವರು, ನೀವು ಸೀನಿದರೂ ನಗುವವರು. ವೇದಿಕೆ ಪಕ್ಕ ಕೂತ ನನಗೆ ಹಿಂದಿನವರೂ ಕಾಣುತ್ತಿದ್ದರು. ಬೇವಿನ ಗಿಡದ ಕೆಳಗಿದ್ದ ಅಜ್ಜ ಒಬ್ಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದರು. ಅವರ ಹೊಲ ಈಗಾಗಲೇ ಹಿನ್ನೀರಿನಲ್ಲಿದೆ. ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಿದರೆ ಮನೆಯೂ ಹೋಗುತ್ತದೆ.

ನಾನು ವೈರ್ ಸುತ್ತಿ ಮುಗಿಸುವಷ್ಟರಲ್ಲಿ ಆ ತುಣುಕು ನನ್ನ ವಾಟ್ಸಾಪ್‌ಗೇ ಬಂದಿತ್ತು. ಆಮೇಲೆ ನೀವು ಆಡಿದ ನಾಲ್ಕು ಒಳ್ಳೆ ಮಾತು ಅದರಲ್ಲಿರಲಿಲ್ಲ. ಆ ಜೋಕು, ಆ ನಗು, ಅಷ್ಟೇ.

ನೀರಿನ ಜೋಕು ಮೊದಲೂ ಕೈ ಸುಟ್ಟಿದೆ. 2013ರ ಏಪ್ರಿಲ್, ಮಹಾರಾಷ್ಟ್ರದಲ್ಲಿ ಬರ. ಅಣೆಕಟ್ಟಿನಲ್ಲಿ ನೀರಿಲ್ಲದಿದ್ದರೆ ಉಚ್ಚೆ ಹೊಯ್ಯಬೇಕೇ ಎಂದು ಆಗ ಉಪಮುಖ್ಯಮಂತ್ರಿಯಾಗಿದ್ದ ಅಜಿತ್ ಪವಾರ್ ಚಟಾಕಿ ಹಾರಿಸಿದರು. ಕೊನೆಗೆ ಕ್ಷಮೆ ಕೇಳಿ, ಕರಾಡದಲ್ಲಿ ಒಂದು ದಿನ ಉಪವಾಸ ಕೂತರು. ನಮ್ಮ ಕೋಲಾರದಲ್ಲಿ 2019ರಲ್ಲಿ ‘ಮೋದಿ’ ಅಡ್ಡಹೆಸರಿನ ಮೇಲೆ ಆಡಿದ ಕುಹಕಕ್ಕೆ ಮಾನನಷ್ಟ ಕೇಸಿನಲ್ಲಿ ಶಿಕ್ಷೆಯಾಗಿ ರಾಹುಲ್ ಗಾಂಧಿಯವರ ಸಂಸದ ಸ್ಥಾನವೇ 2023ರಲ್ಲಿ ಹೋಗಿತ್ತು. ಆ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ವಾಪಸ್ ಸಿಕ್ಕಿತು.

ಹಾಗಂತ ನಗಿಸಬೇಡಿ ಅನ್ನುವುದಿಲ್ಲ. ನಗುವಿಲ್ಲದ ಭಾಷಣ ಮೂರು ತಾಸು ಕೇಳೋದು ನನಗೂ ಕಷ್ಟ. ದೊಡ್ಡಾಟದ ಸಾರಥಿಯನ್ನು ನೀವೂ ನೋಡಿದ್ದೀರಿ ಅಲ್ವಾ? ಅವನು ಚೇಷ್ಟೆ ಮಾಡುವುದು ಎದುರಿಗೆ ನಿಂತ ರಾಜನನ್ನು, ನೆಲದ ಮೇಲೆ ಕೂತ ರೈತನನ್ನಲ್ಲ. ನೀವು ಹಾಕಿಸಿದ ರಸ್ತೆಯ ಗುಂಡಿ, ಐದು ವರ್ಷ ಈ ಕಡೆ ತಲೆ ಹಾಕದ್ದು, ಇವುಗಳ ಮೇಲೆ ಎಷ್ಟು ಬೇಕಾದರೂ ಜೋಕ್ ಮಾಡಿ. ಅಜ್ಜನೂ ನಕ್ಕಾರು.

ಮುಂದಿನ ವಾರದ ಸಭೆಗೂ ಮೈಕ್ ನನ್ನದೇ. ಒಂದು ಬಾಕ್ಸನ್ನು ಬೇವಿನ ಗಿಡದ ಕಡೆಗೆ ತಿರುಗಿಸಿ ಇಡುತ್ತೇನೆ. ಪರಿಹಾರದ ದುಡ್ಡು ಯಾವ ತಿಂಗಳು ಬರುತ್ತದೆ ಅನ್ನುವುದನ್ನು ಅದರಲ್ಲಿ ಹೇಳಿ.

ಇಂತಿ,
ನಿಮ್ಮ ಮತದಾರ