ಒಂಟಿ ಮಾಡಿದವರು ಯಾರು?

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನ ಆಯ್ತು. ನೀನು ಬರೆದ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದಕ್ಕೇ ತಡ. "ಒಂಟಿತನ ಎಲ್ಲರಿಗೂ ಇದ್ದದ್ದೇ ಕಣೋ, ಅದಕ್ಕೆ ಜಾತಿ, ಶೋಷಣೆ ಅಂತ ಯಾಕೆ ಬಣ್ಣ ಹಚ್ತೀರಿ?" ಅಂತ ಕೇಳಿದ್ದೆ. ಸಿಟ್ಟಿನಲ್ಲಿ ಎರಡು ಸಲ ಬರೆದು ಹರಿದು ಹಾಕಿದೆ. ಈಗ ಸ್ವಲ್ಪ ಸಮಾಧಾನವಾಗಿದೆ.

ನೀನು ಹೇಳುವ ಒಂಟಿತನ ನನಗೂ ಗೊತ್ತು. ರಾತ್ರಿ ಫೋನ್ ತೆಗೆದು, ಯಾರಿಗೆ ಮಾಡಲಿ ಅಂತ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ, ಸುಮ್ನೆ ಇಟ್ಟುಬಿಡುವುದು. ಅದು ಸುಳ್ಳಲ್ಲ. ಆದರೆ ಅದು ನಮಗೆ ತಾನಾಗಿ ಬಂದದ್ದು. ಇನ್ನೊಂದು ಇದೆ, ಅದನ್ನು ಯಾರೋ ಮಾಡಬೇಕು. ದಿನಾ ಮಾಡಬೇಕು. ಅದಕ್ಕೂ ಶ್ರಮ ಬೇಕು.

ಅಂಬೇಡ್ಕರ್ ತಮ್ಮ ಬಾಲ್ಯದ ಒಂದು ಪ್ರಯಾಣದ ಬಗ್ಗೆ ಬರೆದಿದ್ದಾರೆ. 1901ರ ಮಾತು, ಅವರಿಗೆ ಒಂಬತ್ತರ ಆಸುಪಾಸು. ಮಕ್ಕಳು ಮಾತ್ರ ರೈಲು ಹತ್ತಿ ಅಪ್ಪ ಕೆಲಸ ಮಾಡುವ ಊರಿಗೆ ಹೊರಟಿದ್ದರು. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಒಳ್ಳೆ ಬಟ್ಟೆ ಹಾಕಿದ ಮಕ್ಕಳು ಅಂತ ಸ್ಟೇಷನ್ ಮಾಸ್ತರ ಅಕ್ಕರೆಯಿಂದಲೇ ವಿಚಾರಿಸಿದ. ಮುಟ್ಟಬಾರದವರು ಅಂತ ಊರು ದೂರವಿಟ್ಟಿದ್ದ ಮಹಾರ್ ಜಾತಿಯವರು ಅಂತ ಗೊತ್ತಾದದ್ದೇ ತಡ, ಅವನ ಮುಖವೇ ಬದಲಾಯಿತು. ಗಾಡಿಯವರು ಯಾರೂ ಹತ್ತಿಸಿಕೊಳ್ಳಲು ತಯಾರಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿ ಹೊಡೆಯುವುದು ಮಕ್ಕಳೇ, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಬುತ್ತಿ ಜೊತೆಗಿತ್ತು. ಕುಡಿಯಲು ನೀರು ಕೊಡುವವರಿಲ್ಲದೆ ಉಣ್ಣಲಾಗಲಿಲ್ಲ.

ಗಾಡಿ ಅವನದು, ಎತ್ತು ಅವನವು, ದುಡ್ಡೂ ಜಾಸ್ತಿ ಸಿಕ್ಕಿದೆ. ಆದರೂ ನಡೆಯುವವನು ಅವನೇ! ನನ್ನನ್ನು ಕಾಡಿದ್ದು ಮಾತ್ರ ಅದರ ಮುಂದಿನದು. ಸ್ವಲ್ಪ ದಾರಿ ಸಾಗಿ ಕತ್ತಲು ಬೀಳುವ ಹೊತ್ತಿಗೆ ಅದೇ ಮನುಷ್ಯ ಗಾಡಿ ಹತ್ತಿ ಆ ಮಕ್ಕಳ ಪಕ್ಕದಲ್ಲೇ ಕೂತ. ಆಗ ಮೈಲಿಗೆ ಎಲ್ಲಿ ಹೋಯಿತು? ನೋಡುವವರು ಇರಲಿಲ್ಲ, ಅಷ್ಟೇ.

ಕಾರಂತರ 'ಚೋಮನ ದುಡಿ' 1933ರದ್ದು. ಕಾಲೇಜಿನಲ್ಲಿ ಓದಿದಾಗ ಚೋಮನಿಗೆ ಹೊಲ ಸಿಗಲಿಲ್ಲವಲ್ಲ ಅಂತ ಅತ್ತಿದ್ದೆ. ಮೊನ್ನೆ ಮತ್ತೆ ಓದಿದೆ. ಈ ಸಲ ಕಣ್ಣು ಚೋಮನ ಮೇಲೆ ನಿಲ್ಲಲಿಲ್ಲ, ನದಿಯ ದಡದ ಮೇಲೆ ನಿಂತಿತು. ಅವನ ಮಗ ನೀರಿನಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಬಾರದವನ ಮಗ ಅಂತ ಹುಡುಗನನ್ನು ಯಾರೂ ಎತ್ತುವುದಿಲ್ಲ. ಅಲ್ಲಿ ಈಜು ಬರುವವರು ಎಷ್ಟು ಜನ ಇದ್ದಿರಬಹುದು, ಅವರು ಮನೆಗೆ ಹೋಗಿ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡಿರಬಹುದು ಅಂತ ಯೋಚನೆ ಬಂತು.

ಈಗ ನಿನಗೆ ಒಂದು ತಕರಾರು ಹೇಳಬೇಕು, ಕಾರಂತರ ಮೇಲಿನ ಗೌರವ ಇಟ್ಟುಕೊಂಡೇ. ಚೋಮ ಕೊನೆಗೆ ಗುಡಿಸಿಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಒಬ್ಬನೇ ಸಾಯುತ್ತಾನೆ. ಹೊರಗಿನಿಂದ ನೋಡುವ ನಮಗೆ ಆ ಒಂಟಿ ಆಕೃತಿ ತುಂಬಾ ಇಷ್ಟ. ಅತ್ತು ಹಗುರಾಗಬಹುದು. ಇದಾದ ಮೇಲೆ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕತೆ 'ಊರುಕೇರಿ' ಓದಿ ನೋಡು. ಶುರುವಿನಲ್ಲೇ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ಒಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಅವರ ಅಪ್ಪ. ಇಷ್ಟು ಹೇಳಿದ ಮೇಲೂ ಆ ಪುಸ್ತಕದ ತುಂಬಾ ನಗು! ಬಸ್ಸಿನಲ್ಲಿ ಓದಬೇಡ, ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ. ಹುಡುಗರು, ಹಾಸ್ಟೆಲ್ಲು, ದೆವ್ವಗಳು, ಸ್ಮಶಾನ, ಎಲ್ಲ ಇದೆ. ಊರು ಅವರನ್ನು ಹೊರಗಿಟ್ಟಿತು ನಿಜ. ಆದರೆ ಕೇರಿಯೊಳಗೆ ಜನ ಇದ್ದರು, ಗದ್ದಲ ಇತ್ತು. ಹಾಗಾಗಿ 'ಪಾಪ, ಒಂಟಿ' ಅಂತ ನಾವು ಮರುಗುವುದರಲ್ಲೂ ಒಂದು ಜಂಬ ಇದೆ ಅನ್ನಿಸುತ್ತದೆ. ನಮ್ಮ ಜೊತೆ ಸಿಗದವರಿಗೆ ಬೇರೆ ಯಾರೂ ಇರಲಾರರು ಅಂತ ಅಂದುಕೊಂಡಿದ್ದೇವೆ, ಅಲ್ವಾ?

ಯಮುನಕ್ಕನ ಕತೆ ಬೇರೆ. ಅನಂತಮೂರ್ತಿಯವರ 'ಘಟಶ್ರಾದ್ಧ'. 1977ರಲ್ಲಿ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರಲ್ಲ, ಅದೇ. ಬಸಿರಾದ ವಿಧವೆ, ಚಿಕ್ಕ ವಯಸ್ಸು. ಮಗಳು ಇನ್ನೂ ಬದುಕಿರುವಾಗಲೇ ಅಪ್ಪ ಅವಳ ಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಾನೆ. ಅವಳಿಗೆ ಹೋಗಿ ಸೇರಿಕೊಳ್ಳಲು ಒಂದು ಕೇರಿಯೂ ಇಲ್ಲ. ಪಾಠಶಾಲೆಯ ಸಣ್ಣ ಹುಡುಗ ನಾಣಿ ಒಬ್ಬನೇ ಅವಳಿಗೆ ಹತ್ತಿರದವನು. ಅವನನ್ನೂ ಅವನ ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ. ತಲೆ ಬೋಳಿಸಿದ ಯಮುನಕ್ಕ ಒಬ್ಬಳೇ ಕೂತಿರುವುದನ್ನು ಹುಡುಗ ತಿರುಗಿ ತಿರುಗಿ ನೋಡುತ್ತಾನೆ. ಎಲ್ಲರೂ ಹೊರಗಿಟ್ಟಾಗ ಒಬ್ಬ ಹುಡುಗ ನೋಡಿದ ಅನ್ನುವುದೇ ಆ ಕತೆ.

ಕಾನೂನು ಬಂದಿಲ್ಲವಾ ಅನ್ನುತ್ತೀಯ. ಬಂದಿದೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯೇ ತೆಗೆದುಹಾಕಿತು. ದಲಿತರಿಗೆ, ಆದಿವಾಸಿಗಳಿಗೆ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಅಂತ ಹೆದರಿಸುವುದು ಎರಡೂ ಅಪರಾಧ ಅಂತ 2015ರ ತಿದ್ದುಪಡಿಯಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ಸೇರಿಸಿದರು. ಸಾಮಾನು ಕೊಡಬೇಡಿ, ಕೂಲಿಗೆ ಕರೆಯಬೇಡಿ ಅಂತ ಡಂಗುರ ಹೊಡೆದರೆ ಕೇಸು ಹಾಕಬಹುದು. ಸುಮ್ಮನೆ ಮಾತು ಬಿಟ್ಟವರ ಮೇಲೆ ಏನು ಕೇಸು ಹಾಕುತ್ತೀಯ?

ಇದನ್ನೆಲ್ಲ ನಿನಗೆ ಪಾಠ ಮಾಡಲು ಬರೆಯುತ್ತಿಲ್ಲ. ನನ್ನದೊಂದು ವಿಷಯ ಹೇಳಲು ಇಷ್ಟು ಸುತ್ತಿ ಬಳಸಿ ಬಂದೆ.

ಹಿಂದಿನ ಆಫೀಸಿನಲ್ಲಿ ನಮ್ಮದು ಹನ್ನೊಂದು ಜನರ ತಂಡ. ಒಂದು ವಾಟ್ಸಾಪ್ ಗ್ರೂಪ್ ಇತ್ತು. ಹೊಸದಾಗಿ ಸೇರಿದ ಒಬ್ಬನ ಸರ್‌ನೇಮ್ ಬಗ್ಗೆ ಯಾರೋ ಪಿಸುಗುಟ್ಟಿದರು. ಯಾರೂ ಕೆಟ್ಟ ಮಾತು ಆಡಲಿಲ್ಲ. ಒಂದು ವಾರದಲ್ಲಿ ಅವನೊಬ್ಬನನ್ನು ಬಿಟ್ಟು ಹತ್ತು ಜನರ ಇನ್ನೊಂದು ಗ್ರೂಪ್ ಆಯಿತು. ಊಟಕ್ಕೆ ಎಷ್ಟು ಹೊತ್ತಿಗೆ, ಎಲ್ಲಿ ಅನ್ನುವುದು ಅಲ್ಲೇ ತೀರ್ಮಾನ. ಹಳೆ ಗ್ರೂಪಿನಲ್ಲಿ ಅವನು ಮಾತ್ರ 'ಗುಡ್ ಮಾರ್ನಿಂಗ್' ಹಾಕುತ್ತಿದ್ದ. ಸುಮಾರು ಎರಡು ತಿಂಗಳು ಹಾಕಿದ.

ಸಂಜೆ ಎಲ್ಲರೂ ಹೋದ ಮೇಲೆ ನಾನು ಅವನ ಜೊತೆ ಟೀ ಕುಡಿಯುತ್ತಿದ್ದೆ. ಒಳ್ಳೆ ಮಾತುಗಾರ. ಅದೊಂದು ದೊಡ್ಡ ಗುಣ ಅಂತ ಆಗ ನನ್ನ ಬಗ್ಗೆಯೇ ಹೆಮ್ಮೆ ಪಟ್ಟುಕೊಂಡಿದ್ದೆ ಕಣೋ. ಆ ಗಾಡಿಯವನ ಭಾಗ ಓದಿದ ದಿನ ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ.

ಹತ್ತು ಜನರ ಗ್ರೂಪ್ ಇನ್ನೂ ಇದೆ. ಹಬ್ಬಕ್ಕೆ, ಹುಟ್ಟಿದ ಹಬ್ಬಕ್ಕೆ ಶುಭಾಶಯ ಬರುತ್ತವೆ, ನಾನೂ ಹಾಕುತ್ತೇನೆ. ಅವನ ನಂಬರು ಫೋನಿನಲ್ಲಿದೆ. ಏನಂತ ಮಾತು ಶುರು ಮಾಡಲಿ ಅಂತ ನಿನಗೇನಾದರೂ ಹೊಳೆದರೆ ಬರೆ.

'ಊರುಕೇರಿ' ಕಳಿಸುತ್ತಿದ್ದೇನೆ. ವಾಪಸ್ ಕೊಡು ಮಾರಾಯ, ಹೋದ ಸಲದ ಹಾಗೆ ಮಾಡಬೇಡ.

ನಿನ್ನ,
ಹಳೆ ಗೆಳೆಯ